ಗಿಡ್ಡ ಬೇಸ್‌ಗೆ ಚೆಂಡುಹೂವು

ಕೊಡಿಗೇಹಳ್ಳಿ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಭೂಷಣ,

ನಾನು, ರಮಾ ಇಬ್ಬರೂ ಚೆನ್ನಾಗಿದ್ದೇವೆ. ತುಮಕೂರಿನ ಚಳಿಗೆ ನಿನ್ನ ಎಡಭುಜದ ನೋವು ಹೆಚ್ಚಾಗಿಲ್ಲ ಅಂದುಕೊಂಡಿದ್ದೇನೆ. ನಿನ್ನ ಮನೆಯಾಕೆ, ತಂಗಿ ಆಶಾರಾಣಿ ಕಳಿಸಿದ ಹುಣಸೆ ತೊಕ್ಕು ತಲುಪಿತು, ತಲುಪಿದ ವಾರದಲ್ಲೇ ಜಾಡಿ ಖಾಲಿಯೂ ಆಯಿತು. ಅದಕ್ಕೊಂದು ಮಾತು ತಿಳಿಸದೆ ಇಷ್ಟು ದಿನ ಸುಮ್ಮನೆ ಕೂತಿದ್ದಕ್ಕೆ ಮೊದಲು ನೀವಿಬ್ಬರೂ ನನ್ನನ್ನು ಚೆನ್ನಾಗಿ ಬೈದುಬಿಡಿ, ಆಮೇಲೆ ಮುಂದೆ ಓದಿ.

ನೀನು ಫೋನ್ ಮಾಡಿದಾಗೆಲ್ಲ ನಾನು ಎತ್ತುತ್ತಿಲ್ಲ, ನಿಜ. ರಮಾ ಎತ್ತಿ "ವಾಕಿಂಗ್ ಹೋಗಿದಾರೆ ಅಣ್ಣ" ಅನ್ನುತ್ತಾಳಲ್ಲ, ಅದು ಸುಳ್ಳು. ಪಕ್ಕದಲ್ಲೇ ಕೂತಿರುತ್ತೇನೆ. ಹೋದ ತಿಂಗಳು ನೀನು ಅವಳಿಗೆ, "ಅವನಿಗೆ ನನ್ ಮೇಲೆ ಕೋಪ ಇದ್ರೆ ನೇರವಾಗ್ ಹೇಳ್ಲಿ ಕಣಮ್ಮ, ಇನ್ಮೇಲೆ ನಾನೂ ಫೋನ್ ಮಾಡಲ್ಲ" ಅಂದೆಯಂತೆ. ಕೋಪ ಇಲ್ಲ ಕಣೋ. ಅದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಮುಂದೆ ನಾನು, ಪಕ್ಕದಲ್ಲಿ ಬೇಸ್ ಗಿಟಾರ್ ಹಿಡಿದು ನೀನು, ಅರ್ಧ ಆಯಸ್ಸು ಹಾಗೇ ಕಳೆದವರು ನಾವು. ಈ ವಯಸ್ಸಿನಲ್ಲಿ ನಿನ್ನನ್ನು ಕಳೆದುಕೊಂಡರೆ ಇನ್ನೊಬ್ಬ ಭೂಷಣನನ್ನು ನಾನು ಎಲ್ಲಿ ಹುಡುಕಲಿ? ವಾಟ್ಸಾಪಿನಲ್ಲಿ ಬರೆದರೆ ನೀನೊಂದು ಹೆಬ್ಬೆಟ್ಟು ಒತ್ತಿ ಕೈತೊಳೆದುಕೊಳ್ಳುತ್ತೀಯ. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ನಾನೊಂದು ಬೇಸ್ ಗಿಟಾರ್ ತಂದಿದ್ದೇನೆ. ನಗಬೇಡ, ರಮಾ ಆಗಲೇ ಬೇಕಾದಷ್ಟು ನಕ್ಕಾಗಿದೆ.

ಆರ್.ಟಿ. ನಗರದಲ್ಲಿ ವಾದ್ಯ ರಿಪೇರಿ ಮಾಡುವ ನಮ್ಮ ನೂರುಲ್ಲಾ ಇದ್ದಾನಲ್ಲ, ಅವನನ್ನು ಮಾತಾಡಿಸಲು ಹೋಗಿದ್ದೆ. ಅಂಗಡಿಯ ಮರದ ಬೆಂಚಿನ ಮೇಲೆ ಕೂತಿದ್ದಾಗ, ಹಿಂದಿನಿಂದ ಯಾರೋ ಬೆನ್ನಿನ ಮೇಲೆ ಮೆಲ್ಲಗೆ ಅಂಗೈ ಇಟ್ಟ ಹಾಗಾಯಿತು. ತಿರುಗಿ ನೋಡಿದರೆ ಬೆಂಚಿಗೆ ತಾಗಿಸಿಟ್ಟ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ, ಅದರಾಚೆ ನೂರುಲ್ಲಾ ಒಂದು ಪುಟ್ಟ ಬೇಸನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟುತ್ತಿದ್ದ. ಎಪ್ಪತ್ತರ ದಶಕದ ಜಪಾನಿ ಮಾಲು. ಅದರ ತಲೆಯ ಮೇಲಿನ ಕಂಪನಿ ಹೆಸರು ಅಳಿಸಿಹೋಗಿದೆ. ಮೈಯೆಲ್ಲ ಹಳೆಬೆಲ್ಲದ ಬಣ್ಣ, ಅಂಚಿಗೆ ಹೋದಂತೆ ಕಪ್ಪು. ಹೆಬ್ಬಾಳದ ಹಿರಿಯರೊಬ್ಬರು ಹೋಟೆಲ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದರಂತೆ, ಮನೆ ಬದಲಿಸುವಾಗ ಮೊಮ್ಮಕ್ಕಳು ತಂದುಕೊಟ್ಟರಂತೆ.

ನೂರುಲ್ಲಾ ಎದ್ದು ಬಂದು ನನ್ನ ಎದುರಿಗೇ ಕೂತು ಜೋರಾಗಿ ಹೇಳಿದ. "ಇದು ಗಿಡ್ಡ ಬೇಸ್ ಅಣ್ಣಾ. ನೆಕ್ ನಾಲ್ಕಿಂಚು ಕಮ್ಮಿ. ಬೆರಳೊತ್ತೋ ಫ್ರೆಟ್‌ಗಳೆಲ್ಲ ಹತ್ರ ಹತ್ರ, ಕೈ ಚಾಚೋದೇ ಬೇಡ. ತಂತಿನೂ ಅಷ್ಟ್ ಬಿಗಿ ಇಲ್ಲ, ಬೆರಳು ನೋಯಲ್ಲ. ಹಿಡ್ಕೊಂಡ್ ನೋಡಿ, ಮಗು ಎತ್ಕೊಂಡಂಗಿರ್ತದೆ."

ಎತ್ತಿಕೊಂಡೆ. ನೀನು ಮೆಟ್ಟಿಲಿಂದ ಬಿದ್ದು ಭುಜ ಹಿಡಿದುಕೊಂಡ ಮೇಲೆ, ನಿನ್ನ ಉದ್ದ ಬೇಸಿನ ತುದಿಗೆ ಕೈ ಎಟುಕುವುದಿಲ್ಲವೆಂದು ಅದನ್ನು ಯಾರಿಗೋ ಕೊಟ್ಟು, ಇನ್ನು ತಂತಿ ಮುಟ್ಟುವುದಿಲ್ಲ ಅಂದೆಯಲ್ಲ, ಅದು ನೆನಪಾಯಿತು. ಇದರ ತುದಿ ಮೊಣಕೈ ಮಡಿಸಿಕೊಂಡೇ ಸಿಗುತ್ತದೆ. ನಿನಗೋಸ್ಕರವೇ ತಂದೆ. ನನಗೋಸ್ಕರವೂ ತಂದೆ ಅನ್ನು.

ಈ ಹಳೆಯ ಗಿಡ್ಡ ಬೇಸುಗಳ ಮೋಹವೇ ವಿಚಿತ್ರ ಕಣೋ. ಮರ ಒಣಗಿ ಒಣಗಿ ಹಗುರಾಗಿರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿ ಎದೆಗೊತ್ತಿಕೊಂಡರೆ ಅದೂ ನನ್ನ ಜೊತೆ ಉಸಿರಾಡುತ್ತದೆ. ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡುತ್ತೇನೆ. ಅಂಚಿಲ್ಲದ, ದುಂಡನೆಯ ಸದ್ದು ಪಕ್ಕೆಲುಬಿನೊಳಗೆ ಇಳಿಯುತ್ತದೆ. ಕಣ್ಣು ಮುಚ್ಚಿದರೆ ಯಲಹಂಕದ ಗಣೇಶನ ಪೆಂಡಾಲು, ಟ್ಯೂಬ್‌ಲೈಟಿಗೆ ಮುತ್ತಿದ ಹುಳು, ಗಾಯಕಿಯ ಮಲ್ಲಿಗೆ, ನಿನ್ನ ಬಲಗಾಲಿನ ಚಪ್ಪಲಿ ತಾಳ ಹಾಕುವುದು. ಕೀರಲು ದನಿಯವನು ನೀನು. ಮೈಕ್ ಟೆಸ್ಟಿಂಗ್ ಅಂದರೆ ಜನ ನಗುತ್ತಿದ್ದರು. ತಂತಿಗೆ ಬೆರಳಿಟ್ಟರೆ ಮಾತ್ರ ನೆಲದಡಿಯಿಂದ ಮಾತಾಡುತ್ತಿದ್ದೆ. ಈಗ ಎಷ್ಟೋ ಸಲ ನನಗೆ ಹಾಗೇ ನಿದ್ದೆ ಹತ್ತುತ್ತದೆ, ರಮಾ ಬಂದು ಗಿಟಾರನ್ನು ಮೆಲ್ಲಗೆ ಬಿಡಿಸಿಕೊಂಡು ಗೋಡೆಗೆ ಒರಗಿಸುತ್ತಾಳೆ.

ಇತ್ತೀಚೆಗೆ ಊರಿನ ಸದ್ದೆಲ್ಲ ನನಗೆ ಕೆಳಗಿನಿಂದಲೇ ಬರುತ್ತದೆ. ಬೆಳಗ್ಗೆ ಅಲ್ಲಾಳಸಂದ್ರದ ಕೆರೆಯ ಬಳಿ ನಿಂತರೆ ಹಕ್ಕಿಗಳು ನೀರಿನ ಮೇಲೆ ಸುಮ್ಮನೆ, ಕನಸಿನಲ್ಲಿ ಹಾರಿದಂತೆ ಹಾರುತ್ತವೆ. ವಾಯುಸೇನೆಯ ವಿಮಾನ ಮೇಲೆ ಹಾದರೆ ಅದು ಎದೆಯಲ್ಲಿ ಗುಡುಗುತ್ತದೆ. ಎಲ್ಲವೂ ದೂರ, ಎಲ್ಲವೂ ಮೆತ್ತಗೆ.

ಆಯುಧಪೂಜೆಯ ಕಥೆ ಹೇಳಬೇಕು. ನಮ್ಮ ಮನೆಯ ಕ್ರಮ ನಿನಗೆ ಗೊತ್ತಲ್ಲ. ಈಳಿಗೆಮಣೆ, ಸ್ಕೂಟರು, ಮಿಕ್ಸಿ, ನನ್ನ ಡ್ರಮ್ಸು, ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಹೂವು. ಪೂಜೆಗಿಟ್ಟದ್ದನ್ನು ಆವತ್ತು ಮುಟ್ಟುವಂತಿಲ್ಲ, ವಿಜಯದಶಮಿಯ ದಿನವೇ ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಬೇಸಿನ ನುಣುಪಾದ ಮೈಮೇಲೆ ಹೂವು ನಿಲ್ಲಲೊಲ್ಲದು. ರಮಾ ಎರಡು ಸಲ ಇಟ್ಟಳು, ಎರಡು ಸಲವೂ ಜಾರಿತು. ಕೊನೆಗೆ ರೇಗಿ, ತಂತಿಗಳು ಬುಡದಲ್ಲಿ ಕೂಡುವ ಕಡೆ ಅವುಗಳ ಅಡಿಗೆ ಒಂದು ಮೊಳ ಚೆಂಡುಹೂವನ್ನೇ ಮಡಿಸಿ ತುರುಕಿಬಿಟ್ಟಳು.

ಮರುದಿನ ಬೆಳಗ್ಗೆ ಹೂವು ತೆಗೆಯುವುದನ್ನು ಮರೆತು ಮೀಟಿದೆ. ಭೂಷಣ, ಏನು ಹೇಳಲಿ! ಅಲ್ಲಿಯವರೆಗೆ ಒಂದು ಸ್ವರದ ಮೇಲೆ ಇನ್ನೊಂದು ಹರಿದು ಗೊಜ್ಜಾಗುತ್ತಿತ್ತು. ಈಗ ಒಂದೊಂದೂ ಬಿಡಿಬಿಡಿಯಾಗಿ ದುಮ್, ದುಮ್ ಎಂದು ಬಂತು. ಹಳೇ ರೆಕಾರ್ಡುಗಳಲ್ಲಿ ನೀನು ಬೆರಳು ತೋರಿಸಿ ತೋರಿಸಿ ಕೇಳಿಸುತ್ತಿದ್ದ ಸದ್ದು ಅದೇ. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು.

ನೂರುಲ್ಲಾ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಳೇ ಕಾಲ್ದಲ್ಲಿ ಕಂಪ್ನಿಯವ್ರೇ ಅಲ್ಲಿ ಸ್ಪಂಜ್ ಇಟ್ಟು ಕೊಡ್ತಿದ್ರು ಅಣ್ಣಾ. ಇದರದ್ದು ಪುಡಿಯಾಗಿ ಉದುರೋಗಿತ್ತು. ಅತ್ತಿಗೆ ಅದೇ ಜಾಗಕ್ಕೆ ಹೂ ಇಟ್ಟವ್ರೆ!"

"ನೋಡಿದ್ರಾ, ನಂಗೇನೂ ಗೊತ್ತಿಲ್ಲ ಅಂತಿದ್ರಲ್ಲ" ಎಂದು ರಮಾ ಸೆರಗು ಸಿಕ್ಕಿಸಿಕೊಂಡಳು. ಸ್ಪಂಜು ಹಾಕಿಸಲು ಬಿಡುತ್ತಿಲ್ಲ. ದಿನಾ ಹೂವು ಬದಲಿಸುತ್ತಾಳೆ. ಬಾಡಿದ ಹೂವಿಗೆ ಸದ್ದು ಇನ್ನೂ ಮೆತ್ತಗಾಗುತ್ತದೆ ಎಂದು ನಾನೂ ಕಂಡುಕೊಂಡಿದ್ದೇನೆ.

ಪಟಾಕಿ ಗಲಾಟೆ ಮುಗಿದ ಮೇಲೆ ಇಬ್ಬರೂ ಬನ್ನಿ. ಯಶವಂತಪುರದಲ್ಲಿ ಇಳಿದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಭುಜ ನೋಯುತ್ತದೆ ಎಂಬ ನೆಪ ನಡೆಯುವುದಿಲ್ಲ, ನೆಕ್ಕಿನ ಅಳತೆ ಮೇಲೆ ಬರೆದಿದ್ದೇನೆ. ತಂಗಿಗೆ ನನ್ನ ಆಶೀರ್ವಾದ, ತೊಕ್ಕಿನ ಜಾಡಿಗೂ. ನಮ್ಮೂರ ದೇವರು ನಿನ್ನ ಭುಜವನ್ನೂ ಬೆರಳುಗಳನ್ನೂ ಕಾಯಲಿ.

ನಿನ್ನ,
ಸುಬ್ರಮಣಿ

ತಾ.ಕ.: ಕಾಗದ ಓದಿ ನೋಡಿದ ರಮಾ, "ಮುಖ್ಯವಾದ್ದೇ ಬರ್ದಿಲ್ವಲ್ರೀ" ಎಂದು ಸ್ಲೇಟಿನ ಮೇಲೆ ಬರೆದು ನನ್ನ ಮುಂದಿಟ್ಟಳು. ಹೌದು, ನಮ್ಮ ಮನೆಗೆ ಈಗ ಸ್ಲೇಟು ಬಂದಿದೆ. ನನಗೆ ಕಿವಿ ಹೋಗಿದೆ ಭೂಷಣ. ಅಷ್ಟು ವರ್ಷ ಡ್ರಮ್ಸಿನ ಹಿತ್ತಾಳೆ ತಟ್ಟೆಗಳ ನಡುವೆ, ಸ್ಪೀಕರ್ ಪಕ್ಕ ಕೂತಿದ್ದಕ್ಕೆ ಎಂದರು ಡಾಕ್ಟರು. ಮೇಲಿನ ದನಿಗಳು ಮೊದಲು ಹೋದವು. ಹಕ್ಕಿ, ಕುಕ್ಕರಿನ ಸೀಟಿ, ಆಮೇಲೆ ಮಾತು. ಕಿವಿಗೆ ಮಿಷನ್ ಹಾಕಿಕೊಂಡರೆ ಬರೀ ಕರಕರ. ಎದುರು ಕೂತು ಜೋರಾಗಿ ಹೇಳಿದರೆ ತುಟಿ ನೋಡಿ ಅಷ್ಟಿಷ್ಟು ತಿಳಿಯುತ್ತದೆ. ಫೋನಿನಲ್ಲಿ ನಿನ್ನ ಕೀರಲು ದನಿ ಒಂದಕ್ಷರವೂ ಬರುವುದಿಲ್ಲ. ನಿನ್ನ ಹೆಸರು ಸ್ಕ್ರೀನಿನ ಮೇಲೆ ಬಂದಾಗೆಲ್ಲ, ರಮಾ ಬಂದು ತೆಗೆದುಕೊಳ್ಳುವವರೆಗೂ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡಿರುತ್ತೇನೆ, ಅದು ನಡುಗುವುದಾದರೂ ಗೊತ್ತಾಗಲಿ ಎಂದು. ಈಚೆಗೆ ನಿನ್ನ ದನಿ ಹೇಗಿತ್ತೆಂಬುದೇ ಮರೆಯುತ್ತಿದೆ, ನನಗೆ ಹೆದರಿಕೆಯಾಗುತ್ತದೆ. ಆದರೆ ವಿಜಯದಶಮಿಯ ಬೆಳಗ್ಗೆ ಎದೆಗೊತ್ತಿಕೊಂಡು ಮೀಟಿದೆನಲ್ಲ, ಆ ಸದ್ದು ನನಗೆ ಪೂರ್ತಿ ಕೇಳಿಸಿತು. ಬಂದಾಗ ಏನೂ ಹೇಳಬೇಡ. ನಮ್ಮ ಮನೆಯ ಮರದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತು ನುಡಿಸು. ನೀನು ಮಾತಾಡುತ್ತಿದ್ದೀಯ ಎಂದು ನನಗೆ ಗೊತ್ತಾಗುತ್ತದೆ.