ಇಶಾಳಿಗೆ ನಾನು ಹಾಕಿದ ಸೊನ್ನೆ

ಅಕ್ಟೋಬರ್ ೧೪, ಮಂಗಳವಾರ, ಲಿಸ್ಲ್, ಅಮೆರಿಕ

ಆಟಿಸಂ ಇರುವ ನನ್ನ ಮಗಳು ಇಶಾಳ ಬದುಕು ಎಷ್ಟು ಚೆನ್ನಾಗಿದೆಯೆಂದು ನಾನು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕಂತೆ. ಕ್ಲಿನಿಕ್ಕಿನ ಅಪ್ಪಣೆ. ಅಂಕ ಕಡಿಮೆಯಾದರೆ ಶನಿವಾರ ಸ್ಟೇಷನ್ನಿಗೆ ಹೋಗಿ ರೈಲು ನೋಡುವುದು ಬಂದ್, ಬದಲಿಗೆ ಗೆಳೆತನ ಕಲಿಸುವ ಕ್ಲಾಸು.

ಅವರು ಕೊಟ್ಟ ಫಾರಂನಲ್ಲಿ ‘ಗೆಳೆಯರು’ ಎಂಬಲ್ಲಿ ನ್ಯಾಯಾಧೀಶನ ಗತ್ತಿನಲ್ಲಿ ಸೊನ್ನೆ ಬರೆದೆ. ಇಶಾ ಇಣುಕಿದಳು.

“ರಾಂಗ್, ಅಪ್ಪಾ. ಐ ಹ್ಯಾವ್ ದ ಕಂಡಕ್ಟರ್. ಹೀ ವೇವ್ಸ್. ಯು ಹ್ಯಾವ್ ಝೀರೋ.”

ನಿಜ. ಎಲ್ಲರೂ ಮನೆಯಿಂದ ಅಡುಗೆ ತರುವ ಕನ್ನಡ ಕೂಟದ ಪಾಟ್‌ಲಕ್‌ನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ಫೋನಿನ ಹಿಂದೆ ಅಡಗುವವನು ನಾನು. ಪೆನ್ನು ಅವಳಿಗೇ ಕೊಟ್ಟೆ. ಸೊನ್ನೆ ಹೊಡೆದುಹಾಕಿ ನಾಲ್ಕು ಬರೆದಳು, ಪಾಲಕರ ಸಹಿಯನ್ನೂ ತಾನೇ ಹಾಕಿದಳು.

ನಾಳೆ ಫಾರಂ ಹಾಗೆಯೇ ಕ್ಲಿನಿಕ್ಕಿಗೆ ಕೊಡುತ್ತೇನೆ. ಒಪ್ಪದಿದ್ದರೆ ಶನಿವಾರ ಅವರೇ ಸ್ಟೇಷನ್ನಿಗೆ ಬರಲಿ. ರೈಲಿನ ಕಂಡಕ್ಟರ್ ಯಾರಿಗೆ ಕೈಬೀಸುತ್ತಾನೋ ನೋಡಿ, ಆಮೇಲೆ ಯಾರಿಗೆ ಎಷ್ಟು ಅಂಕವೆಂದು ಬರೆದುಕೊಳ್ಳಲಿ.