ಧಣಿ ಕಟ್ಟಿದ ಏಪ್ರನ್

ಜುಲೈ 4, ಬೆಳಿಗ್ಗೆ
ಮೇಜು ಒರೆಸಿದ್ದಾಯಿತು. ಲಿವೋರ್ನೊ ಬಂದರಿಗೆ ಮತ್ತೊಂದು ಪ್ರವಾಸಿ ಹಡಗು. ಹೋಟೆಲು ತುಂಬುತ್ತದೆ. ಟಿಪ್ಸ್ ಡಬ್ಬಿ ಮಾತ್ರ ತುಂಬುವುದಿಲ್ಲ. ನಮ್ಮೂರಿನವರು ಕಾಫಿ ಕಪ್ಪಿನ ಪಕ್ಕ ಚಿಲ್ಲರೆ ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಇಲ್ಲ. ರೊಟ್ಟಿ-ತಟ್ಟೆಯ ದುಡ್ಡು ಅಂತ ಬಡಿಸುವ ಖರ್ಚು ಬಿಲ್ಲಿನಲ್ಲೇ ಸೇರಿರುತ್ತದೆ. ಆದರೆ ಹಡಗಿನವರು ನೋಟು ಬಿಡುವವರು. ಆ ನೋಟು ಎಲ್ಲಿ? ಡಬ್ಬಿಯ ದುಡ್ಡು ಬೇಯಿಸುವವರಿಗೂ ಬಡಿಸುವವರಿಗೂ ಸಮಪಾಲು... ಹೋರಾಡಿ ತಂದ ಪದ್ಧತಿ. ಯಾರೋ ತಿನ್ನುತ್ತಿದ್ದಾರೆ.

ಜುಲೈ 5
ವಾಸ್ಕೊನ ಕಾಲಲ್ಲಿ ಒಳ್ಳೆ ಬೂಟು. ನನ್ನ ಜೊತೆಗೆ ಬಡಿಸುವವನು, ಕೆಲಸಗಾರರ ಸಂಘದಲ್ಲೂ ಜೊತೆಗಾರ.
"ಏನೋ, ಬೂಟು ಜೋರಾಗಿದೆ?"
"ಮಾವಂದು ಕಣೇ. ಸತ್ತ. ಅಳತೆ ಸರಿಹೋಯ್ತು."
ನನಗೆ ನಗು ಬರಲಿಲ್ಲ. ಮಾವ ಸತ್ತಿದ್ದು ಈಸ್ಟರ್ ಹಬ್ಬಕ್ಕೆ, ತಿಂಗಳುಗಳ ಹಿಂದೆ. ಬೂಟು ಈಗ?

ಜುಲೈ 9
ಧಣಿ ಗ್ವಾಲ್ತಿಯೇರೊ ಹಿತ್ತಲಿಗೆ ಕರೆದ.
"ಓರಿಯೆತ್ತಾ, ಡಬ್ಬಿಗೆ ಕೈ ಹಾಕ್ತಿರೋದು ವಾಸ್ಕೊನೇ. ನೋಡ್ದೆ ಅಂದ್ಬಿಡು. ಶನಿವಾರಾನೇ ಕೆಲಸದಿಂದ ಕಳಿಸ್ತೀನಿ."
"ನೋಡಿಲ್ವಲ್ಲ."
"ಅನುಮಾನ ಇದೆ ತಾನೇ?"
ಇದೆ. ಆದರೆ ನಮ್ಮ ಡಬ್ಬಿಯ ಮೇಲೆ ಧಣಿಗೆ ಯಾವತ್ತಿನಿಂದ ಕಾಳಜಿ? ಈಚೆಗೆ ಅವನೂ ಏಪ್ರನ್ ಕಟ್ಟಿ ಬಡಿಸುತ್ತಾನೆ. ಹಡಗಿನವರ ಮೇಜಿಗೆ ಮಾತ್ರ.

ಜುಲೈ 12, ಶನಿವಾರ, ಊಟದ ಹೊತ್ತಿನ ನಂತರ
ಕಿಟಕಿ ಪಕ್ಕ ಹಡಗಿನ ಗಂಡ-ಹೆಂಡತಿ. ಮೀನಿನ ಸಾರು ಮುಗಿಸಿ ಎದ್ದರು. ಗಂಡಸು ನೋಟು ಮಡಚಿ ಧಣಿಯ ಅಂಗೈಗಿಟ್ಟ. ಧಣಿ ತಲೆಬಾಗಿ ಜೇಬಿಗಿಳಿಸಿದ. ಪಕ್ಕದ ಮೇಜಿನಲ್ಲಿ ರೊಟ್ಟಿ ತುಂಡಿನಿಂದ ತಟ್ಟೆ ಬಳಿಯುತ್ತಿದ್ದ ಬಂದರಿನ ಹಮಾಲಿ, ಮುದುಕ ಒರೆಸ್ತೆ, ಕೈ ನಿಲ್ಲಿಸಿದ.
"ಏನಪ್ಪಾ ಗ್ವಾಲ್ತಿಯೇರೊ, ಹೋಟ್ಲು ಮಾರ್ಬಿಟ್ಯಾ? ಕೂಲಿಗೆ ಸೇರ್ಕೊಂಡ್ಯಾ?"
ಈ ಊರಲ್ಲಿ ಧಣಿಯ ಕೈಗೆ ಟಿಪ್ಸ್ ಇಟ್ಟರೆ ಅದು ಧಣಿಗೇ ಅವಮಾನ. ಹೊರಗಿನವರಿಗೆ ಇವನು ಧಣಿ ಅಂತ ಗೊತ್ತಾಗಬೇಕಲ್ಲ? ನಾನೇ ಹೇಳಿದೆ, ಎಲ್ಲರ ಮುಂದೆ. "ಸ್ವಾಮಿ, ಇವರು ಹೋಟೆಲಿನ ಯಜಮಾನರು. ಬಡಿಸೋನು ಅಲ್ಲಿದ್ದಾನೆ, ನೋಡಿ."
ವಾಸ್ಕೊನತ್ತ ಬೆರಳು ತೋರಿಸಿದೆ. ಧಣಿಯ ಕಿವಿ ಕೆಂಪಾಯಿತು. ನೋಟು ಜೇಬಿನಿಂದ ಹೊರಬಂತು.
ಕದ್ದವನು ಏಪ್ರನ್ ಕಟ್ಟಿದ್ದ ಧಣಿ. ನಾನು ಬೂಟು ನೋಡುತ್ತಿದ್ದೆ.
ಆಮೇಲೆ ವಾಸ್ಕೊ ಕೇಳಿದ, "ನನ್ನ ಮೇಲೂ ಕಣ್ಣಿಟ್ಟಿದ್ದೆ, ಅಲ್ವಾ?"
ಅವನ ಬೂಟಿನತ್ತ ನೋಡದೆ ತಟ್ಟೆ ಎತ್ತಿಕೊಂಡೆ.

ಜುಲೈ 14
ಬಾಗಿಲಿಗೆ ಹೊಸ ಬೀಗ. ನನ್ನ ಏಪ್ರನ್ ಹೊರಗೆ, ಮೆಟ್ಟಿಲ ಮೇಲೆ. ಎದುರಿನ ಕಟ್ಟೆಯಲ್ಲಿ ಕೂತಿದ್ದೇನೆ. ಒಳಗೆ ಯಾರೋ ಮೇಜು ಒರೆಸುತ್ತಿದ್ದಾರೆ. ಕಿಟಕಿ ಪರದೆಯ ಕೆಳಗೆ ಕಾಲು ಮಾತ್ರ ಕಾಣುತ್ತದೆ. ಮಾವನ ಬೂಟು.
ಹೋಗಿ ಗಾಜು ತಟ್ಟಿ ಬಂದೆ. ಬೂಟು ನಿಂತಿದೆ. ಪರದೆಯ ಮೇಲೆ ನೆರಳು, ಎರಡು ಕೈ ಬೆನ್ನಿಗೆ ಹೋದವು. ಹೊರಬರಲು ಏಪ್ರನ್ ದಾರ ಬಿಚ್ಚುತ್ತಿದ್ದಾನೋ, ಅಲ್ಲೇ ಉಳಿಯಲು ಬಿಗಿಯುತ್ತಿದ್ದಾನೋ—