ಮಾತಾಜಿಗೆ ಎದುರಿನ ಕುರ್ಚಿ ಬೇಕಂತೆ

ಕಾಳಿಘಾಟ್, ಕೋಲ್ಕತ್ತ
13 ಅಕ್ಟೋಬರ್ 2025

ಸೌಭಾಗ್ಯವತಿ ಸುಗಂಧಿಗೆ,

ಈ ಊರಿನಲ್ಲಿ ಇವತ್ತು ಹೆಂಡತಿಗೆ ಕಾಗದ ಬರೆಯುತ್ತ ಕೂತ ಗಂಡಸು ನಾನೊಬ್ಬನೇ ಇರಬೇಕು. ಅದೂ ಎಷ್ಟು ದೂರ? ಇಲ್ಲಿ ಮೆಟ್ರೊ ಹತ್ತಿದರೆ ಮಗಳ ಮನೆಯಿರುವ ಬಾರಾನಗರದಲ್ಲಿ ಇಳಿಯುವುದು, ನಡುವೆ ಗಾಡಿ ಬದಲಿಸುವ ಕೆಲಸವೂ ಇಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಕೊಡಿಸಿದ್ದೀ. ನಿನ್ನ ಅಳಿಯ ಗೌರವ್ ಬೆಳಿಗ್ಗೆ ಬಂದು, ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು ಒಪ್ಪಿಸಿದ: "ಮಾವ, ಹೇಳ್ಲಿಕ್ಕೆ ಇದ್ದರೆ ಬರೆದು ಕಳಿಸ್ಬೇಕಂತೆ. ಎದುರು ಬಂದರೂ ಕೂಗ್ತೀರಿ, ಫೋನಿನಲ್ಲೂ ಕೂಗ್ತೀರಿ, ಕಾಗದದಲ್ಲಿ ಕೂಗ್ಲಿಕ್ಕೆ ಆಗುದಿಲ್ಲ ಅಂತ ಅತ್ತೆ ಹೇಳಿದ್ರು." ಹೇಳುವಾಗ ಅವನಿಗೆ ನಗು ತಡೆಯಲು ಆಗುತ್ತಿರಲಿಲ್ಲ. ನಾನು ಕೂಗಿದೆ.

ನೀನು ಹೊರಟ ದಿನವೇ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಕಾಗದವೆಂದರೆ ಹಾಗೆ ಬರೆಯಬೇಕಂತೆ, ಬರೆದಿದ್ದೇನೆ. ಇಲ್ಲಿ ಎಲ್ಲ ಕ್ಷೇಮ. ನಲ್ಲಿಯ ವಾಷರ್ ಹೋಗಿದೆ. ಕುಚ್ಚಲಕ್ಕಿ ಯಾವ ಡಬ್ಬದಲ್ಲಿ ಇಟ್ಟಿದ್ದೀ ಎಂದು ಗೊತ್ತಾಗಲಿಲ್ಲ. ಅದನ್ನು ಕೇಳಲು ಈ ಕಾಗದ ಬರೆಯುತ್ತಿಲ್ಲ.

ನಿನ್ನೆ ನಡೆದದ್ದಕ್ಕೆ ಬರೆಯುತ್ತಿದ್ದೇನೆ. ಮೊದಲಿಂದ ಹೇಳುತ್ತೇನೆ, ಯಾಕೆಂದರೆ ನಮ್ಮ ಆಟದ ನಿಯಮ ಮರೆತವಳ ಹಾಗೆ ನೀನು ನಡೆದುಕೊಂಡೆ.

ಬ್ಯಾಂಕಿನ ಕ್ಯಾಂಟೀನಿನಲ್ಲಿ ನಾನು ದೋಸೆ ಹುಯ್ಯುತ್ತಿದ್ದಾಗ ಕ್ಯಾಷಿಯರ್ ಬಸುದಾ ಮಧ್ಯಾಹ್ನದ ಹೊತ್ತು ಇಸ್ಪೀಟು ಎಲೆ ಹಿಡಿದು ಕೂರುತ್ತಿದ್ದ. ಎಲೆ ಕಲೆಸುವುದು, ಕಲೆಸಿದ ಹಾಗೆ ಮಾಡಿ ಕಲೆಸದೇ ಇರುವುದು, ಅಂಗೈಯಲ್ಲಿ ಎಲೆ ಅಡಗಿಸುವುದು, ಎಲ್ಲ ಅವನೇ ಕಲಿಸಿದ. ಹಿಟ್ಟಿನ ಕೈ ತೊಳೆದು ಬಂದು ಕಲಿತವನು ನಾನು. ಅವನು ಕಲಿಸಿದ ಆಟಗಳಲ್ಲಿ ದೊಡ್ಡದು ಮಾತಾಜಿಯ ಆಟ. ಸಭೆಯಲ್ಲಿ ಯಾರೋ ಒಂದು ಎಲೆ ತೆಗೆದು ಎಲ್ಲರಿಗೂ ತೋರಿಸುತ್ತಾರೆ. ನಾನು ದೂರದ ಕಾಮರೂಪದಲ್ಲಿ ತಪಸ್ಸು ಮಾಡುವ ಮಾತಾಜಿಗೆ ಫೋನು ಹಚ್ಚುತ್ತೇನೆ. ಮಾತಾಜಿ ಅಲ್ಲಿಂದಲೇ ಎಲೆಯ ಹೆಸರು ಹೇಳುತ್ತಾರೆ.

ಮಾತಾಜಿ ಅಂದರೆ ಮನೆಯಲ್ಲಿ ಕೂತ ನೀನು. ಫೋನು ಎತ್ತಿದ ಕೂಡಲೇ ಎಲೆಯ ಬಣ್ಣಗಳನ್ನು ನಿಧಾನವಾಗಿ ಹೇಳಲು ಶುರು ಮಾಡುತ್ತೀ: ಇಸ್ಪೀಟು, ಆಟಿನ್, ಡೈಮಂಡ್, ಕ್ಲಾವರ್. ಬೇಕಾದದ್ದು ಬಂದಾಗ ನಾನು "ಹಲೋ" ಎನ್ನುತ್ತೇನೆ. ಆಮೇಲೆ ಎಕ್ಕ, ಎರಡು, ಮೂರು ಎಂದು ಎಣಿಸುತ್ತೀ. ಸರಿಯಾದ ಅಂಕಿಗೆ ನಾನು "ಮಾತಾಜಿ ಇದ್ದಾರೆಯೇ?" ಎಂದು ತಡೆಯುತ್ತೇನೆ. ಅಲ್ಲಿಯವರೆಗೆ ಫೋನು ನನ್ನ ಕಿವಿಯಲ್ಲಿ, ಆಮೇಲೆ ಸ್ಪೀಕರಿನಲ್ಲಿ. ಪೂಜಾ ಕಮಿಟಿಯ ಆಫೀಸಿನ ಲ್ಯಾಂಡ್‌ಲೈನಿನ ಕಾಲದಿಂದ ಇದು ಒಮ್ಮೆಯೂ ತಪ್ಪಿಲ್ಲ. ಒಂದು ಸಲ ಮಾತ್ರ ನಿನ್ನ ಕುಕ್ಕರ್ ಸೀಟಿ ಹೊಡೆದು, "ಕಾಮರೂಪದಲ್ಲೂ ಬೇಳೆ ಬೇಯಿಸ್ತಾರಾ ದಾದಾ?" ಎಂದು ಹಿಂದಿನ ಸಾಲಿನವರು ಕೇಳಿದರು. ಅವತ್ತೂ ನಾನು ಸಂಭಾಳಿಸಿದೆ.

ಈ ವರ್ಷ ದುರ್ಗಾಪೂಜೆಯ ಮುಂಚೆ, ಪೂಜೆ ಮುಗಿದ ಮೇಲೆ ಕೇರಿಯವರೆಲ್ಲ ಸೇರುವ ಕೂಟದ ವಿಷಯದಲ್ಲಿ ನಿನಗೆ ಹೊಸ ಹಟ ಹುಟ್ಟಿತು. "ಬಿಜಯಾ ಸಮ್ಮಿಲನಿಗೆ ನಾನೂ ಬರ್ತೇನೆ. ಎದುರಿನ ಕುರ್ಚಿಯಲ್ಲಿ ಕೂತು ಒಂದು ಸಲ ನೋಡ್ಬೇಕು. ಊರೆಲ್ಲ ನೋಡಿದೆ, ನಾನೊಬ್ಬಳು ನೋಡ್ಲಿಲ್ಲ" ಎಂದೆ. ನಾನು ಕೇಳಿದ್ದು ಇಷ್ಟೇ: "ನೀನು ಕುರ್ಚಿಯಲ್ಲಿ ಕೂತರೆ ಫೋನು ಯಾರು ಎತ್ತುದು, ನಿನ್ನ ಅಜ್ಜಿಯಾ?" ಇದರಲ್ಲಿ ತಪ್ಪೇನು? ಬಸ್ಸಿನ ಡ್ರೈವರು ಕಿಟಕಿ ಪಕ್ಕದ ಸೀಟು ಬೇಕೆಂದು ಹಿಂದೆ ಹೋಗಿ ಕೂರುತ್ತಾನೆಯೇ? ನೀನು ಚೀಲ ತುಂಬಿಸಿಕೊಂಡು ಮಗಳ ಮನೆಗೆ ಹೋದೆ. ಷಷ್ಠಿಗೂ ಬರಲಿಲ್ಲ, ದಶಮಿಗೂ ಬರಲಿಲ್ಲ. ಕೆಳಗಿನ ಮನೆಯವರೆಲ್ಲ ಹಬ್ಬದ ತೆಂಗಿನಕಾಯಿ ಉಂಡೆ ಹಿಡಿದು ಬಂದು, ಅತ್ತಿಗೆಯಾದ ನಿನ್ನನ್ನೇ ಹುಡುಕುತ್ತ, "ಬೌದಿ ಎಲ್ಲಿ, ಬೌದಿ ಎಲ್ಲಿ" ಎಂದು ನನ್ನ ತಲೆ ತಿಂದರು.

ಆದರೂ ನಿನ್ನೆ ಸಮ್ಮಿಲನಿಯಲ್ಲಿ ನಾನು ಆಟ ಕೈಬಿಡಲಿಲ್ಲ. ನೀನು ಎಲ್ಲಿದ್ದರೂ ಎತ್ತುತ್ತೀ ಎಂದು ಗೊತ್ತಿತ್ತು. ನೀನು ಹೋದ ಮೇಲೆ ಮೇಲಿನ ಮಹಡಿಗೆ ಬಾಡಿಗೆಗೆ ಬಂದಿರುವ ಬೆಂಗಳೂರಿನ ಹುಡುಗಿ ಇಂಚರ ಎಲೆ ತೆಗೆದಳು. ಕ್ಲಾವರ್ ಒಂಬತ್ತು. ಫೋನು ಹಚ್ಚಿದೆ. ನೀನು ಎತ್ತಿದೆ. ಇಸ್ಪೀಟು ಎಂದೆ, ಆಟಿನ್ ಎಂದೆ, ಧ್ವನಿ ಎಂದಿನಂತೆಯೇ ಇತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಸ್ಪೀಕರ್ ಹಾಕಿ, ಎಲೆ ತೆಗೆದದ್ದು ಕನ್ನಡದ ಹುಡುಗಿ ಎಂದು ಹೇಳಿ, ಮೈಕಿನ ಹತ್ತಿರ ಹಿಡಿಯಲು ಫೋನನ್ನು ಅವಳ ಕೈಗೆ ಕೊಟ್ಟೆ. "ಕ್ಲಾವರ್ ಒಂಬತ್ತು ಮಗಾ, ಸರಿಯಾ?" ಎಂದೆ ನೀನು. ಸಭೆ ಚಪ್ಪಾಳೆ ತಟ್ಟಿತು. ಅಲ್ಲಿಗೆ ಇಡಬೇಕಿತ್ತು. ಇಡುವುದು ಬಿಟ್ಟು ನೀನು ಮಾಡಿದ್ದೇನು?

"ಮಗಾ, ಫೋನು ಇಡ್ಬೇಡ. ಅವರು ಯಾವ ಅಂಗಿ ಹಾಕಿದ್ದಾರೆ?"

ಆ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಪ್ಪು ಕೋಟು ಹಾಕಿದ್ದಾರೆ ಆಂಟಿ. ಒಂದು ಗುಂಡಿ ಇಲ್ಲ" ಎಂದಳು.

"ಹಾಕಿಸ್ಕೊಳ್ಳಿ ಅಂತ ಹೇಳಿದ್ದೆ. ನಾನು ಕಾಮರೂಪವೂ ಅಲ್ಲ, ಮಾತಾಜಿಯೂ ಅಲ್ಲ ಮಗಾ. ಅವರ ಹೆಂಡತಿ, ಸುಗಂಧಿ. ಬಾರಾನಗರದಲ್ಲಿದ್ದೇನೆ. ಇಷ್ಟು ದಿನದ ಮೇಲೆ ಇವತ್ತು ಫೋನು ಮಾಡಿದ್ರು, ಅದೂ ಕ್ಲಾವರ್ ಒಂಬತ್ತಕ್ಕೆ."

ಇಂಚರ ಮಹಾ ಪ್ರಾಮಾಣಿಕಳು. ನೀನು ಹೇಳಿದ ಒಂದೊಂದು ಮಾತನ್ನೂ ಮೈಕಿನಲ್ಲಿ ಹಿಂದಿ ಭಾಷೆಯಲ್ಲಿ ತಿರುಗಿಸಿ ಹೇಳಿದಳು, ಗುಂಡಿಯನ್ನೂ ಬಿಡಲಿಲ್ಲ. ನಾನು ಕಣ್ಣು ಬಿಟ್ಟರೆ, "ಅಂಕಲ್, ಒಂದ್ನಿಮಿಷ, ಆಂಟಿ ಇನ್ನೂ ಮಾತಾಡ್ತಿದ್ದಾರೆ" ಎಂದು ನನ್ನನ್ನೇ ತಡೆದಳು. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಬಸುದಾ, ಈ ಗುಟ್ಟು ಹೊರಗೆ ಹೋದರೆ ಕೈ ಕಡಿಯುತ್ತೇನೆ ಎಂದು ನನಗೆ ಕಲಿಸಿದ ಅದೇ ಬಸುದಾ, ಎದ್ದು ನಿಂತು, "ಬೌದಿ ಜಿಂದಾಬಾದ್" ಎಂದು ಕೂಗಿದ. ನನಗೆ ಒಂದು ದಿನವೂ ಅವನು ಎದ್ದು ನಿಂತಿರಲಿಲ್ಲ.

ಈಗ ನಾನು ಕೇಳುತ್ತೇನೆ. ಜಾದೂ ಮಾಡುವವನ ಮನೆಯವಳು ಸಭೆಯಲ್ಲಿ ಗುಟ್ಟು ಬಿಚ್ಚುವುದು ಯಾವ ನ್ಯಾಯ? ನನ್ನ ಮೇಲೆ ಸಿಟ್ಟಿದ್ದರೆ ನನಗೆ ಬೈಯಬಹುದಿತ್ತು. ಪಾತ್ರೆ ಎಸೆಯಬಹುದಿತ್ತು. ಆಟದ ಮೇಲೆ ಯಾಕೆ ತೀರಿಸಿಕೊಂಡೆ? ಅದು ನನ್ನೊಬ್ಬನ ಆಟವೇ? ಅರ್ಧ ನಿನ್ನದು. ನಿನ್ನದೇ ಅರ್ಧವನ್ನು ನೀನೇ ಬೀದಿಗೆ ಹಾಕಿದೆ. ಇನ್ನು ಈ ಕೇರಿಯಲ್ಲಿ ನಾನು ಎಲೆ ಹಿಡಿದರೆ, ಮಕ್ಕಳು ಸಹ "ಬೌದಿಗೆ ಫೋನು ಮಾಡಿ" ಎನ್ನುತ್ತಾರೆ. ಇವತ್ತು ಮೀನಿನವನು ಎಂದೇಬಿಟ್ಟ.

ಕಮಿಟಿಯವರು ಮಧ್ಯಾಹ್ನ ಬಂದಿದ್ದರು. ಇಪ್ಪತ್ತನೇ ತಾರೀಖು ಕಾಳಿಪೂಜೆಗೆ ಮತ್ತೆ ಆಟ ಬೇಕಂತೆ, ಈ ಸಲ ಬೌದಿಯೂ ವೇದಿಕೆ ಮೇಲೆ ಬೇಕಂತೆ. ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಹೊರಟವರ ಹಿಂದೆಯೇ ಮೆಟ್ಟಿಲಿನ ತನಕ ಹೋಗಿ, ಅವಳನ್ನು ಕೇಳಿ ಹೇಳುತ್ತೇನೆ ಎಂದೆ. ನೀನು ಇದನ್ನು ಸೋಲು ಎಂದುಕೊಳ್ಳಬೇಡ. ಎದುರಿನ ಸಾಲಿನಲ್ಲಿ ಕೂತು ನೋಡುವಂಥ, ಫೋನಿಲ್ಲದ ಆಟಗಳೂ ನನಗೆ ಬರುತ್ತವೆ. ಅವನ್ನು ನೀನು ಅಡುಗೆಮನೆಯ ಬಾಗಿಲಿನಿಂದ ಅರ್ಧಂಬರ್ಧ ನೋಡಿದ್ದೀ.

ದೀಕ್ಷಿತಾಗೂ ಗೌರವ್‌ಗೂ ನನ್ನ ಆಶೀರ್ವಾದ. ಅವನು ಮುಂದಿನ ಸಲ ಬಂದಾಗ ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂರಲಿ. ನಿನಗೂ ಆಶೀರ್ವಾದ, ಸಿಟ್ಟಿನಿಂದಲೇ.

ಇತಿ,
ಜಯಕರ

ವಿ.ಸೂ.: ಜನ ನಕ್ಕದ್ದು ಹೋಗಲಿ. ಗುಟ್ಟು ಒಡೆದದ್ದೂ ಹೋಗಲಿ. ಆ ಹುಡುಗಿ ಫೋನನ್ನು ನನ್ನ ಕೈಗೆ ಕೊಟ್ಟಾಗ ನೀನು ಇನ್ನೂ ಲೈನಿನಲ್ಲಿದ್ದೆ, ಉಸಿರು ಕೇಳುತ್ತಿತ್ತು. ನಾನು ಸ್ಪೀಕರ್ ಆರಿಸಿ, ಪರದೆಯ ಹಿಂದೆ ಹೋಗಿ, "ಊಟ ಆಯಿತಾ?" ಎಂದು ಕೇಳಿದೆ. ಮೆಲ್ಲಗೆ ಕೇಳಿದೆ, ಕೂಗಲಿಲ್ಲ. ಗುರುತಿಲ್ಲದ ಹುಡುಗಿಗೆ ಅಷ್ಟು ಹೇಳಿದ ನೀನು ನನಗೆ ಆಯಿತು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಫೋನು ಇಟ್ಟುಬಿಟ್ಟೆ. ಆ ಪ್ರಶ್ನೆಗೆ ಇದೇ ಹದಿನೆಂಟನೇ ತಾರೀಖು ಶನಿವಾರದೊಳಗೆ ನನಗೆ ಉತ್ತರ ಬರಬೇಕು.